ಊರಾಚೆಯ ‘ಹಸಿರು’ ಲೇಔಟ್‌ನಲ್ಲಿ ಮನೆ ಮಾಡಿದರೆ ಪರಿಸರಕ್ಕೆ ಒಳ್ಳೆಯದೇ?

“ನಗರದ ಹೊಗೆ, ಗದ್ದಲ ಸಾಕು. ಊರಾಚೆ ಗಿಡಮರಗಳ ನಡುವೆ ಮನೆ ಮಾಡಿ, ಪರಿಸರ ಉಳಿಸಿ” ಎನ್ನುವ ಧಾಟಿಯ ಸೈಟಿನ ಜಾಹೀರಾತುಗಳು, ಫಾರ್ವರ್ಡ್‌ಗಳು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಜನ ಒತ್ತೊತ್ತಾಗಿ ಬದುಕುವ ಪೇಟೆಯೇ ಮಾಲಿನ್ಯದ ಮೂಲ ಎಂಬ ನಂಬಿಕೆ ಇದರ ಹಿಂದಿದೆ. ಮನೆಯ ಸುತ್ತಲಿನ ಗಾಳಿಯ ಮಟ್ಟಿಗೆ ಇದರಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡ್‌ನ ಲೆಕ್ಕ ಹಾಕಿದರೆ ಚಿತ್ರ ಬೇರೆಯೇ ಆಗುತ್ತದೆ.

ದಿನದ ಲೆಕ್ಕ ಎಷ್ಟು?

1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಪೆಟ್ರೋಲಿನ ತೂಕವೇ ಮುಕ್ಕಾಲು ಕೆ.ಜಿ. ಇರುವಾಗ ಇದು ಹೇಗೆ? ಪೆಟ್ರೋಲಿನ ಕಾರ್ಬನ್ ಗಾಳಿಯ ಆಮ್ಲಜನಕದ ಜೊತೆ ಸೇರುವುದರಿಂದ ತೂಕ ಹೆಚ್ಚುತ್ತದೆ.

ನಿಮ್ಮ ಆಫೀಸು ಮನೆಯಿಂದ 15 ಕಿ.ಮೀ. ದೂರವಿದೆ ಎಂದುಕೊಳ್ಳಿ. ಹೋಗಿ ಬರಲು 30 ಕಿ.ಮೀ.

• ಒಬ್ಬರೇ ಕಾರಿನಲ್ಲಿ ಹೋದರೆ (ಲೀಟರ್‌ಗೆ 12 ಕಿ.ಮೀ.): ಸುಮಾರು 5.8 ಕೆ.ಜಿ.
• ಸ್ಕೂಟರ್ (ಲೀಟರ್‌ಗೆ 45 ಕಿ.ಮೀ.): ಸುಮಾರು 1.5 ಕೆ.ಜಿ.
• 40 ಜನರಿರುವ ಡೀಸೆಲ್ ಬಸ್ (ಲೀಟರ್‌ಗೆ 4 ಕಿ.ಮೀ.): ತಲೆಗೆ ಸುಮಾರು ಅರ್ಧ ಕೆ.ಜಿ.

ಈಗ ಆಫೀಸು 4 ಕಿ.ಮೀ. ದೂರದಲ್ಲೇ ಇದೆ ಎಂದುಕೊಳ್ಳಿ. ಅದೇ ಕಾರಿನಲ್ಲಿ ಹೋಗಿ ಬಂದರೂ 1.5 ಕೆ.ಜಿ. ಮಾತ್ರ, ಅಂದರೆ ದೂರದಿಂದ ಸ್ಕೂಟರ್‌ನಲ್ಲಿ ಬರುವವರಷ್ಟೇ. ಯಾವ ಗಾಡಿ ಎನ್ನುವಷ್ಟೇ ಎಷ್ಟು ದೂರ ಎನ್ನುವುದೂ ಮುಖ್ಯ.

ಎರಡು ನಗರಗಳ ಹೋಲಿಕೆ

1990ರಲ್ಲಿ ಅಮೆರಿಕದ ಅಟ್ಲಾಂಟಾದ ಜನಸಂಖ್ಯೆ ಸುಮಾರು 25 ಲಕ್ಷ, ಸ್ಪೇನಿನ ಬಾರ್ಸಿಲೋನಾದ್ದು 28 ಲಕ್ಷ. ಆದರೆ ಅಟ್ಲಾಂಟಾ ಹರಡಿಕೊಂಡಿದ್ದು 4,280 ಚದರ ಕಿ.ಮೀ.ಗೆ, ಬಾರ್ಸಿಲೋನಾ ಕೇವಲ 162 ಚದರ ಕಿ.ಮೀ.ಗೆ. ಬಾರ್ಸಿಲೋನಾದ 60% ಜನರಿಗೆ 600 ಮೀಟರ್ ಒಳಗೆ ಮೆಟ್ರೋ ಸಿಗುತ್ತಿತ್ತು. ಅಟ್ಲಾಂಟಾದಲ್ಲಿ 800 ಮೀಟರ್ ಒಳಗೆ ಸಿಗುತ್ತಿದ್ದುದು 4% ಜನರಿಗೆ. ಸಂಚಾರದಿಂದ ತಲೆಗೆ ಬರುವ ಕಾರ್ಬನ್ ಅಟ್ಲಾಂಟಾದಲ್ಲಿ ಸುಮಾರು 10 ಪಟ್ಟು ಹೆಚ್ಚು ಎಂಬ ಅಂದಾಜಿದೆ. ಆದಾಯ, ಪೆಟ್ರೋಲ್ ಬೆಲೆಯ ವ್ಯತ್ಯಾಸವೂ ಇದಕ್ಕೆ ಕಾರಣ. ಆದರೆ ಮನೆಗಳು ಅಷ್ಟು ಚದುರಿದ್ದರೆ ಮೆಟ್ರೋ ಆಗಲಿ ಬಸ್ಸಾಗಲಿ ಎಲ್ಲರ ಮನೆ ಹತ್ತಿರ ಬರಲು ಸಾಧ್ಯವೇ ಇಲ್ಲ.

ಹಾಗಾದರೆ ಬೆಂಗಳೂರು?

ಬೆಂಗಳೂರಿನಲ್ಲಿ ಜನ ದಟ್ಟವಾಗಿಯೇ ಇದ್ದಾರೆ, ಆದರೂ ನೋಂದಾಯಿತ ವಾಹನಗಳು 1 ಕೋಟಿ ದಾಟಿವೆ. ದಟ್ಟಣೆ ಒಂದೇ ಸಾಲದು ಎಂಬುದಕ್ಕೆ ಇದೇ ಸಾಕ್ಷಿ. 1898ರ ಪ್ಲೇಗ್ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮಾರುಕಟ್ಟೆ, ಶಾಲೆ, ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ. ಆದರೆ ಐಟಿ ಕೆಲಸಗಳು ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ, ಎಲೆಕ್ಟ್ರಾನಿಕ್ ಸಿಟಿ ಕಡೆ ಹೋದವು, ಮನೆಗಳು ಇನ್ನೆಲ್ಲೋ ಉಳಿದವು. ಮೆಟ್ರೋ ವೈಟ್‌ಫೀಲ್ಡ್ ತಲುಪಿದ್ದು 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಬಂದಿದ್ದು 2025ರಲ್ಲಿ. ಅಷ್ಟರಲ್ಲಿ ಜನ ಗಾಡಿ ಕೊಂಡಾಗಿತ್ತು.

ಒಮ್ಮೆ ಕಾರು ಮನೆಗೆ ಬಂದರೆ ಕಂತು, ವಿಮೆ ಹೇಗೂ ಕಟ್ಟಲೇಬೇಕು. ಹಾಗಾಗಿ ಬಸ್ ಟಿಕೆಟ್ ಜೊತೆ ನಾವು ಹೋಲಿಸುವುದು ಬರೀ ಪೆಟ್ರೋಲ್ ಖರ್ಚನ್ನು. ಕಾರೇ ಅಗ್ಗ ಅನ್ನಿಸುತ್ತದೆ, ಹಾಲು ತರಲೂ ಅದೇ ಹೊರಡುತ್ತದೆ. ಅದಕ್ಕೇ ಕೆಲವು ದೇಶಗಳು ಕಾರು ಕೊಳ್ಳುವ ಹಂತದಲ್ಲೇ ಕಡಿವಾಣ ಹಾಕಿವೆ. ಜಪಾನ್‌ನ 1962ರ ಕಾನೂನಿನಂತೆ ನಗರಗಳಲ್ಲಿ ಕಾರು ನಿಲ್ಲಿಸಲು ಜಾಗವಿದೆ ಎಂದು ತೋರಿಸಬೇಕು. ಸಿಂಗಪುರದಲ್ಲಿ 1990ರಿಂದ ಕಾರು ಕೊಳ್ಳುವ ಪರವಾನಗಿಯನ್ನೇ ಹರಾಜಿನಲ್ಲಿ ಪಡೆಯಬೇಕು.

ಎಲೆಕ್ಟ್ರಿಕ್ ಕಾರು ಕೊಂಡರೆ ಮುಗಿಯಿತೇ?

ಪೂರ್ತಿ ಇಲ್ಲ. ನಮ್ಮ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತದೆ. ಅದೇ 30 ಕಿ.ಮೀ.ಗೆ ಎಲೆಕ್ಟ್ರಿಕ್ ಕಾರಿನ ಲೆಕ್ಕ ಸುಮಾರು 3 ಕೆ.ಜಿ. ಪೆಟ್ರೋಲ್ ಕಾರಿಗಿಂತ ಬಹಳ ಕಡಿಮೆ, ತುಂಬಿದ ಬಸ್ಸಿಗಿಂತ ಹೆಚ್ಚು.

ಕೊನೆಯ ಮಾತು

ಲೇಔಟ್‌ನಲ್ಲಿ ಎಷ್ಟು ಮರಗಳಿವೆ ಎಂಬುದೊಂದೇ ಅದು ಪರಿಸರಸ್ನೇಹಿ ಎಂದು ತೋರಿಸುವುದಿಲ್ಲ. ಸೈಟು ನೋಡಲು ಹೋದಾಗ ಮೂರು ಪ್ರಶ್ನೆ ಕೇಳಿ: ಕೆಲಸ ಎಷ್ಟು ದೂರ? ಬಸ್ಸೋ ಮೆಟ್ರೋನೋ ನಡೆದು ಹೋಗುವ ದೂರದಲ್ಲಿದೆಯೇ? ಗಾಡಿ ಇಲ್ಲದೆ ಮಕ್ಕಳು ಶಾಲೆಗೆ, ಹಿರಿಯರು ಆಸ್ಪತ್ರೆಗೆ ಹೋಗಬಹುದೇ? ಮೂರಕ್ಕೂ ಉತ್ತರ ಚೆನ್ನಾಗಿಲ್ಲದಿದ್ದರೆ ಆ ‘ಹಸಿರು’ ಜಾಹೀರಾತಿನಲ್ಲಿ ಮಾತ್ರ.