ಸೋತವರಿಗೆ ಮೊದಲ ಸರದಿ

ಅಮೆರಿಕದ ಹ್ಯೂಸ್ಟನ್ ನಗರದ ಬೇಸ್‌ಬಾಲ್ ತಂಡ ಆಸ್ಟ್ರೋಸ್ 2013ರಲ್ಲಿ 162 ಪಂದ್ಯಗಳ ಪೈಕಿ 111ರಲ್ಲಿ ಸೋತಿತು. ಸತತ ಮೂರನೇ ವರ್ಷ ಸೋಲಿನ ಶತಕ! ಆದರೂ ಅಭಿಮಾನಿಯ ಆಸೆ ಬತ್ತಲಿಲ್ಲ. ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ ಕಡೆಯ ಸ್ಥಾನದ ತಂಡಕ್ಕೇ ಮೊದಲ ಸರದಿ ಎಂಬುದು ಆಗಿನ ನಿಯಮ. (ನಮ್ಮ ಕಡೆಯ ಬೆಂಚಿನವರಿಗೂ ಇಂಥದ್ದೊಂದು ಇರಬಾರದಿತ್ತೆ?) 2012ರಲ್ಲಿ ಹಾಗೆ ಸಿಕ್ಕವನು 17ರ ಹರೆಯದ ಕಾರ್ಲೋಸ್ ಕೊರೆಯಾ.

ಬೇಸ್‌ಬಾಲ್ ಋತು ಮುಗಿಯುವ ಹೊತ್ತಿಗೆ ಕಾಲೇಜು ಫುಟ್‌ಬಾಲ್ ಶುರು. ಅಲ್ಲಿ ಕಾಯಲು ಪುರುಸೊತ್ತಿಲ್ಲ. ಆಡುವವರು ನಾಲ್ಕೈದು ವರ್ಷದಲ್ಲಿ ಕಾಲೇಜು ಬಿಡುವ ವಿದ್ಯಾರ್ಥಿಗಳು. ಹ್ಯೂಸ್ಟನ್ ವಿಶ್ವವಿದ್ಯಾಲಯ 2015ರಲ್ಲಿ 14ಕ್ಕೆ 13 ಗೆದ್ದು ಊರಿನವರ ಮನ ತಣಿಸಿತು. 2017ರಲ್ಲಿ ಆಸ್ಟ್ರೋಸ್ ವಿಶ್ವ ಸರಣಿಯನ್ನೇ ಗೆದ್ದಿತು, ಕೊರೆಯಾ ತಂಡದಲ್ಲಿದ್ದ. ಆದರೆ ಆ ವರ್ಷ ತಂಡ ಕ್ಯಾಮೆರಾ ಬಳಸಿ ಎದುರಾಳಿಗಳ ಸಂಜ್ಞೆ ಕದ್ದದ್ದು 2020ರ ತನಿಖಾ ವರದಿಯಲ್ಲಿ ದೃಢಪಟ್ಟಿತು. 111 ಸೋಲು ನುಂಗಿಕೊಂಡವನಿಗೆ ಇದೇ ಹೆಚ್ಚು ಕಹಿಯಾಗಿರಬೇಕು.