ಮನೆಯ ಶೋಭೆ

ಗೃಹಪ್ರವೇಶಕ್ಕೆ ಹೋದಾಗ ಇಂದು ನಮ್ಮ ಕಣ್ಣಿಗೆ ಮೊದಲು ಬೀಳುವುವು ಸೋಫಾ, ಗಾಜಿನ ಟೀಪಾಯಿ, ಗೋಡೆಯಗಲದ ಟಿ.ವಿ. ಕಪಾಟು. ಚೆಲುವನ್ನು ಬಯಸುವುದು ತಪ್ಪಲ್ಲ. ಆದರೆ 10 ಅಡಿ ಅಗಲ, 12 ಅಡಿ ಉದ್ದದ ಪಡಸಾಲೆಯಲ್ಲಿ ಇವೆಲ್ಲ ನೆಲೆಗೊಂಡ ಮೇಲೆ ಮನೆಮಂದಿ ನೆಲದ ಮೇಲೆ ಕೂಡಿ ಕುಳಿತುಕೊಳ್ಳಲು ಸ್ಥಳವೆಲ್ಲಿ?

ನಮ್ಮ ಇಷ್ಟಲಿಂಗವು ಅಂಗದ ಮೇಲೆಯೇ ಇರುವುದು. ಅದರ ಪೂಜೆಗೆ ಅಂಗೈಯೇ ಪೀಠ. ಬೆಲೆಬಾಳುವ ಕೆತ್ತನೆಯ ಮಂಟಪ ಅನಿವಾರ್ಯವಲ್ಲ. ಬೇಕಾದುದು ಒಂದು ಮಣೆ, ಗದ್ದಲವಿಲ್ಲದ ಒಂದು ಮೂಲೆ. ಸಾಮಾನು ಕೊಳ್ಳುವ ಮೊದಲೇ ಆ ಮೂಲೆಯನ್ನು ನಾವು ಗುರುತಿಸಿಡಬೇಕು.

ಕೊಳ್ಳುವಾಗಲೂ ವಿವೇಕವಿರಲಿ. ಅಗ್ಗದ ಕಪಾಟುಗಳಲ್ಲಿ ಅನೇಕವು ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನವು. ಅಂಚಿನಿಂದ ನೀರು ಒಳಹೊಕ್ಕರೆ ಉಬ್ಬುತ್ತವೆ, ಮತ್ತೆ ಮೊದಲಿನಂತಾಗವು. ಸಾಗುವಾನಿ ಅಥವಾ ಹಲಸಿನ ಸರಳ ಮಂಚಕ್ಕೆ ಬೆಲೆ ಹೆಚ್ಚಾದರೂ, ಬಡಿಗರ ಕೈಯಲ್ಲಿ ದುರಸ್ತಿಗೊಳ್ಳುತ್ತ ಅದು ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.

ಸಾಲದ ಕಂತಿನಲ್ಲಿ ಒಮ್ಮೆಲೇ ತಂದ ಶೋಭೆಗಿಂತ, ಕಾಯಕದ ಗಳಿಕೆಯಿಂದ ಒಂದೊಂದಾಗಿ ಕೂಡಿಸಿದ ಸಾಮಾನು ಮೇಲು. ಮನೆಗೆ ಬಂದ ಜಂಗಮರಿಗೆ, ಅತಿಥಿಗಳಿಗೆ ಪ್ರಸಾದ ಬಡಿಸುವಷ್ಟು ನೆಲ ಸದಾ ತೆರವಾಗಿರಲಿ. ದಾಸೋಹಕ್ಕೆ ಎಡೆಯುಳ್ಳ ಮನೆಯೇ ಶೋಭಿಸುವ ಮನೆ.