ಎರಡು ಸೇರು ಕಡಲೆಕಾಯಿ ಮತ್ತು ನಮ್ಮ ತಂದೆಯವರ ಭಕ್ತಿ

ಪ್ರತಿ ವರ್ಷ ಕಾರ್ತಿಕ ಮಾಸ ಬಂದಾಗ ನಮ್ಮ ಬಂಧುವರ್ಗದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ತಾತ ದೇವರು, ವ್ರತ, ಪರಿಷೆ ಅಂತ ಅಷ್ಟು ದಿನ ಕಳೆಯದೆ ಇದ್ದಿದ್ದರೆ ನಾಲ್ಕು ಕಾಸು ಉಳಿಸಬಹುದಿತ್ತು" ಎಂಬುದು ಆ ಮಾತು. ಹೇಳುವ ಮಕ್ಕಳು ಒಳ್ಳೆಯವರೇ. ಲೆಕ್ಕ ಬಲ್ಲವರು, ಒಳ್ಳೆಯ ಉದ್ಯೋಗದಲ್ಲಿರುವವರು. ಆದರೂ ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ನಮ್ಮ ತಂದೆಯವರ ಬಾಳಿನಲ್ಲಿ ಭಕ್ತಿಯೆಂಬುದು ದುಡಿಮೆಯಿಂದ ಕದ್ದ ಸಮಯವಾಗಿರಲಿಲ್ಲ. ದುಡಿಮೆಗೆ ಅವರು ತಾವೇ ಹಾಕಿಕೊಂಡ ಕಟ್ಟಳೆಯಾಗಿತ್ತು. ಈ ಮಾತನ್ನು ನಮ್ಮ ಮನೆಯ ಕಿರಿಯರಿಗೂ, ಹಳ್ಳಿಗಳಿಂದ ಬಂದು ನನ್ನ ಬಳಿ ಕಲಿತು ಈಗ ನಗರವಾಸಿಗಳಾಗಿರುವ ನನ್ನ ವಿದ್ಯಾರ್ಥಿಗಳಿಗೂ ಸ್ವಲ್ಪ ವಿವರವಾಗಿ ಹೇಳಬೇಕೆನಿಸಿದೆ.

ನಮ್ಮದು ಮಾಗಡಿ ಸೀಮೆಯ ಒಂದು ಚಿಕ್ಕ ಹಳ್ಳಿ. ಮೂರು ಎಕರೆ ಖುಷ್ಕಿ ಜಮೀನು, ಒಂದು ಜೊತೆ ಎತ್ತು, ರಾಗಿ, ಅವರೆ, ಕಡಲೆಕಾಯಿ. ಇಷ್ಟೇ ಸಂಸಾರದ ಆಧಾರ. ತಂದೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಮಳೆ ನಕ್ಷತ್ರಗಳೆಲ್ಲ ಬಾಯಿಪಾಠವಾಗಿದ್ದವು. ಕೋಳಿ ಕೂಗುವ ಮುನ್ನ ಎದ್ದು, ತಣ್ಣೀರು ಸ್ನಾನ ಮಾಡಿ, ವಿಭೂತಿ ಧರಿಸಿ, ಮೂಡಲಿಗೆ ಮುಖ ಮಾಡಿ ಕೈಮುಗಿದು ಹೊಲಕ್ಕೆ ಹೊರಡುವರು. ಆ ಪೂಜೆಗೆ ಹಿಡಿಯುತ್ತಿದ್ದುದು ಹತ್ತು ನಿಮಿಷವೂ ಇಲ್ಲ.

ಸೋಮವಾರ ಮಾತ್ರ ಅವರು ಎತ್ತುಗಳಿಗೆ ನೊಗ ಹೂಡುತ್ತಿರಲಿಲ್ಲ. ಅದು ಬಸವಣ್ಣನ ದಿನವೆಂಬುದು ನಮ್ಮ ಕಡೆಯ ಅನೇಕ ರೈತ ಕುಟುಂಬಗಳ ನಡಾವಳಿ. ಬಿತ್ತನೆಯ ಹದ ಕೈಬಿಡುತ್ತಿದ್ದ ವರ್ಷವೊಂದರಲ್ಲಿ, ಇವತ್ತೊಂದು ದಿನ ಹೂಡಬಾರದೇ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ನಿಮ್ಮ ಸ್ಕೂಲಲ್ಲಿ ರಜಾ ಬೇಕಾದ್ರೆ ಅರ್ಜಿ ಬರೀತೀರ. ಎತ್ತು ಎಲ್ಲಿ ಬರೀತದೆ ಮಗಾ?" ಎತ್ತಿಗೆ ರಜೆಯಿದ್ದ ಆ ದಿನ ಅವರಿಗೆ ರಜೆಯಿರಲಿಲ್ಲ. ಬದು ಸರಿಮಾಡುವುದು, ಹಗ್ಗ ಹೊಸೆಯುವುದು, ನೇಗಿಲು ರಿಪೇರಿ ಮಾಡುವುದು, ಹೀಗೆ ಕತ್ತಲಾಗುವವರೆಗೂ ಕೆಲಸ. ಮೂಕಪ್ರಾಣಿಯ ವಿಶ್ರಾಂತಿಯನ್ನು ಒಡೆಯನ ಅವಸರದಿಂದ ಕಾಪಾಡುವ ಈ ನಿಯಮವನ್ನು ಯಾವ ಸರ್ಕಾರವೂ ಹೊರಡಿಸಿರಲಿಲ್ಲ. ನಮ್ಮ ಹಳ್ಳಿಯಲ್ಲಿ ಅದನ್ನು ನಡೆಸಿಕೊಂಡು ಬಂದದ್ದು ಭಕ್ತಿಯೇ.

ಇನ್ನು ಪ್ರಾರ್ಥನೆಯ ವಿಷಯ. ಕಡಲೆಕಾಯಿ ವಿಚಿತ್ರವಾದ ಬೆಳೆ. ಅದರ ಹೂವು ಅರಳುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹಳದಿ ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಹೊರಟು ಮಣ್ಣಿಗಿಳಿಯುತ್ತದೆ. ಅದರ ತುದಿಯೇ ಮುಂದೆ ಕಾಯಾಗುತ್ತದೆ. ಆ ಹೊತ್ತಿನಲ್ಲಿ ಮಣ್ಣು ಗಟ್ಟಿಯಾಗಿದ್ದರೆ ಅದು ಒಳಗೆ ಇಳಿಯದು. ತೇವ ಸಾಲದಿದ್ದರೆ ಕಾಯಿ ಜೊಳ್ಳಾಗುತ್ತದೆ. ಮಣ್ಣು ಸಡಿಲಿಸುವುದು ರೈತನ ಕೈಯಲ್ಲಿದೆ, ಮಳೆ ಸುರಿಸುವುದು ಇಲ್ಲ. ತಂದೆಯವರು ಹೊಲವನ್ನು ಹದ ಮಾಡದೆ ಎಂದೂ ಮಳೆಗಾಗಿ ಹರಕೆ ಹೊತ್ತವರಲ್ಲ. ತಮ್ಮ ಪಾಲಿನ ಕೆಲಸ ಮುಗಿಸಿ, ತಮ್ಮ ಕೈಮೀರಿದ್ದನ್ನು ಮಾತ್ರ ದೇವರಿಗೆ ಒಪ್ಪಿಸುತ್ತಿದ್ದರು. ಇದನ್ನು ಮೌಢ್ಯವೆನ್ನುವವರು ಮಳೆಯನ್ನೇ ನಂಬಿ ಒಂದು ವರ್ಷ ಬೇಸಾಯ ಮಾಡಿ ನೋಡಬೇಕು.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹಿಂದೆ ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳ ಹೊಲಗಳಲ್ಲಿ ಬಸವವೊಂದು ರಾತ್ರಿಯಲ್ಲಿ ಕಡಲೆಕಾಯಿ ಮೇಯುತ್ತಿತ್ತೆಂದೂ, ಅದು ಶಿವನ ವಾಹನವೆಂದು ತಿಳಿದ ರೈತರು ಮೊದಲ ಬೆಳೆಯನ್ನು ಅದಕ್ಕೆ ಅರ್ಪಿಸುವ ಹರಕೆ ಹೊತ್ತರೆಂದೂ ಐತಿಹ್ಯ. ದೊಡ್ಡ ಬಸವಣ್ಣನ ಗುಡಿಯನ್ನು ಕಟ್ಟಿಸಿದವನು ಕೆಂಪೇಗೌಡನೆಂದು ಪ್ರತೀತಿ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ ಮೂಲದ್ದು, ಕಡಲು ದಾಟಿ ಬಂದದ್ದು. ಬೆಳೆ ಹೊರಗಿನದಾದರೂ ಮೊದಲ ಫಲ ದೇವರಿಗೆ ಎಂಬ ರೂಢಿ ನಮ್ಮಲ್ಲಿ ಅದಕ್ಕಿಂತ ಹಳೆಯದು.

ತಂದೆಯವರು ಸುಮಾರು 50 ಕಿಲೋಮೀಟರ್ ದಾರಿಯನ್ನು ಗಾಡಿಯಲ್ಲಿ ಸವೆಸಿ ಭಾನುವಾರದೊಳಗೆ ಬಂದು ಸೇರುತ್ತಿದ್ದರು. ಸೋಮವಾರ ಎತ್ತು ಹೂಡುವಂತಿಲ್ಲವಲ್ಲ! ಹಿಂತಿರುಗುತ್ತಿದ್ದುದು ಮಂಗಳವಾರ. ಹಾಗಾದರೆ ಅವರು ದೇವರಿಗೆ ಕೊಡುತ್ತಿದ್ದುದೆಷ್ಟು? ಎರಡು ಸೇರು ಕಾಯಿ. ಉಳಿದ ಮೂಟೆಗಳನ್ನು ಗುಡಿಯ ರಸ್ತೆಯ ಬದಿಯಲ್ಲೇ ಸುರಿದು ಮಾರುತ್ತಿದ್ದರು. 1960ರ ದಶಕದಲ್ಲಿ ನಾನು ಚಾಮರಾಜಪೇಟೆಯ ವಿದ್ಯಾರ್ಥಿನಿಲಯವೊಂದರಲ್ಲಿದ್ದು ಓದಿದ್ದು ಆ ಮಾರಾಟದ ಹಣದಿಂದ. ನಾಲ್ಕು ಕಾಸು ಹೋಯಿತೆಂದು ಲೆಕ್ಕ ಹಾಕುವ ನಮ್ಮ ಮಕ್ಕಳು ಈ ಜಮೆಯನ್ನೂ ಬರೆದುಕೊಳ್ಳಲಿ. ನಮ್ಮ ಬಡತನಕ್ಕೆ ಕಾರಣ ಕೈಕೊಟ್ಟ ಮಳೆ, ಸುಗ್ಗಿಯಲ್ಲಿ ಕುಸಿಯುವ ಧಾರಣೆ, ಸಾಲದ ಬಡ್ಡಿ. ಆ ಎರಡು ಸೇರು ಅಲ್ಲ.

ಅಳೆಯುವಾಗ ಅವರು "ಒಂದು" ಎನ್ನುತ್ತಿರಲಿಲ್ಲ, "ಲಾಭ" ಎಂದು ಎಣಿಕೆ ಆರಂಭಿಸುತ್ತಿದ್ದರು. ಸೇರು ತುಂಬಿದ ಮೇಲೆ ಗಿರಾಕಿ ಕೇಳದೆಯೇ ಒಂದು ಹಿಡಿ ಕೊಸರು ಹಾಕುತ್ತಿದ್ದರು. ಬಸವಣ್ಣನ ಎದುರಿಗೆ ಅಳೆಯುವಾಗ ಕೈ ಬಿಗಿ ಮಾಡಬಾರದೆಂಬುದು ಅವರ ಭಾವನೆ.

ಇಲ್ಲಿ ನಮ್ಮ ತಾಯಿಯವರನ್ನು ನೆನೆಯದಿದ್ದರೆ ಲೆಕ್ಕ ತಪ್ಪುತ್ತದೆ. ಗಿಡದಿಂದ ಕಾಯಿ ಬಿಡಿಸುವ, ಬಿಸಿಲಿಗೆ ಹರವಿ ಒಣಗಿಸುವ, ಬೀಜಕ್ಕೆಂದು ಒಳ್ಳೆಯದನ್ನು ಆರಿಸಿಡುವ ಕೆಲಸವೆಲ್ಲ ಅವರದು. ಹರಕೆ ಮಾತ್ರ ತಂದೆಯವರ ಹೆಸರಿನಲ್ಲಿ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಚೆಲ್ಲಿ ಬನ್ನಿರೆಂದು ಹೇಳಿದವಳು ಲಕ್ಕಮ್ಮ. ನಮ್ಮ ಹಳ್ಳಿಯ ಅಪ್ಪಂದಿರ ಭಕ್ತಿಯನ್ನು ಹೊಗಳುವಾಗ ಅದನ್ನು ಹೊತ್ತು ನಿಂತ ಕೈಗಳು ನಮಗೆ ಕಾಣಬೇಕು.

ದೇವರನ್ನು ನಂಬದವರು ಹೀಗೆ ಬಾಳಲಾರರೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬಾಳಬಲ್ಲರು. ಗೌರಿಬಿದನೂರು ಬಳಿಯ ಹೊಸೂರಿನಿಂದ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಡಾ. ಎಚ್. ನರಸಿಂಹಯ್ಯನವರು (1920–2005) ಕಟ್ಟಾ ವಿಚಾರವಾದಿಗಳು. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರೂ ಹಾಸ್ಟೆಲಿನ ಕೋಣೆಯಲ್ಲಿ ಸರಳವಾಗಿ ಬದುಕಿದವರು. ನಮ್ಮ ತಂದೆಯವರು ಅವರೊಡನೆ ದೇವರ ವಿಷಯದಲ್ಲಿ ಒಪ್ಪುತ್ತಿರಲಿಲ್ಲ. ಆದರೆ ತನಗೆಷ್ಟು ಬೇಕೋ ಅಷ್ಟೇ ಸಾಕೆಂಬ ಮಾತಿನಲ್ಲಿ ಇಬ್ಬರೂ ಒಂದೇ. ಒಬ್ಬರಿಗೆ ಅದು ವಿಚಾರದಿಂದ ಬಂತು, ಇನ್ನೊಬ್ಬರಿಗೆ ಭಕ್ತಿಯಿಂದ.

ಈಗ ಪರಿಷೆ ಹಲವು ದಿನಗಳಿಗೆ ಹಿಗ್ಗಿದೆ. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಬಳಿಯೂ ಈಚಿನ ವರ್ಷಗಳಲ್ಲಿ ನಡೆಯುತ್ತಿದೆ. ಜನಸಂದಣಿ ಸಂತೋಷವೇ. ಆದರೆ ಕಾರಿನಿಂದಿಳಿದ ವಿದ್ಯಾವಂತರು, ಅವರಲ್ಲಿ ಎಷ್ಟೋ ಮಂದಿ ನಮ್ಮಂತೆಯೇ ರೈತರ ಮಕ್ಕಳು, ರಾಶಿಯ ಹಿಂದೆ ಕುಳಿತ ಮುದುಕನೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡಿ, ಮೇಲೆ ಕೊಸರನ್ನೂ ಕೇಳಿ ಪಡೆಯುವುದನ್ನು ಕಂಡಾಗ ಸಂಕಟವಾಗುತ್ತದೆ. ಕೊಸರು ಕೊಡುವವನ ಔದಾರ್ಯ, ಕೊಳ್ಳುವವನ ಹಕ್ಕಲ್ಲ.

ತಂದೆತಾಯಿಗಳ ಭಾವಚಿತ್ರಕ್ಕೆ ಹಾರ ಹಾಕುವುದು, ತಿಥಿ ಮಾಡುವುದು ಅವರವರ ನಂಬಿಕೆಗೆ ಬಿಟ್ಟದ್ದು. ನನ್ನ ಕೋರಿಕೆ ಸಣ್ಣದು. ಈ ಸಲ ಪರಿಷೆಗೆ ಹೋದವರು ಅಲ್ಲಿ ಮಣ್ಣು ಮೆತ್ತಿದ ಕೈಯಿಂದ ಸೇರು ತುಂಬುವ ಹಿರಿಯರಿಗೆ ಅವರು ಹೇಳಿದ ಬೆಲೆ ಕೊಡಿ, ಎರಡು ಮಾತನಾಡಿಸಿ, ಈ ವರ್ಷ ಮಳೆ ಹೇಗಿತ್ತೆಂದು ಕೇಳಿ. ಅವರೂ ಯಾರದೋ ಶಾಲೆಯ ಫೀಜಿಗಾಗಿ ಬಂದು ಕುಳಿತಿರುತ್ತಾರೆ.